ಕೋಣೆಯೊಳಗೊಂದು ಸೂರ್ಯ: ಗಿಡ ಬೆಳೆಸುವ ದೀಪದ ಕಥೆ

ಕೆನಡಾ ದೇಶದಲ್ಲಿ 2018ರ ಅಕ್ಟೋಬರ್ 17ರಂದು ಗಾಂಜಾ ಕಾನೂನುಬದ್ಧವಾಯಿತು. ಒಂದು ಮನೆಯಲ್ಲಿ ನಾಲ್ಕು ಗಿಡಗಳನ್ನು ಬೆಳೆದುಕೊಳ್ಳಲು ಅಲ್ಲಿನ ಕಾಯಿದೆ ವಯಸ್ಕರಿಗೆ ಅನುಮತಿ ನೀಡಿತು. ಆದರೆ ಅನುಮತಿ ಸಿಕ್ಕಿದ್ದು ಚಳಿಗಾಲದ ಹೊಸ್ತಿಲಲ್ಲಿ. ಅಲ್ಲಿ ಆ ಕಾಲದಲ್ಲಿ ಹೊರಗೆ ಹಿಮ ಬೀಳುತ್ತದೆ, ಸೂರ್ಯ ದಿನಕ್ಕೆ ಒಂಬತ್ತು ಗಂಟೆ ಕಂಡರೆ ಹೆಚ್ಚು. ಹೀಗಾಗಿ ಮೊದಲ ಬಾರಿ ಗಿಡ ಬೆಳೆಸಲು ಹೊರಟವರು ನೆಲಮಾಳಿಗೆಯ ಮೂಲೆಯನ್ನೋ ಬಟ್ಟೆಯ ಬೀರುವಿನಷ್ಟು ಅಗಲದ ಗುಡಾರವನ್ನೋ ಸಜ್ಜುಗೊಳಿಸಿಕೊಂಡು ದೀಪ ಕೊಳ್ಳಲು ಅಂಗಡಿಗೆ ಹೋದರು.

ಅಂಗಡಿಯಲ್ಲಿ ಕಾದಿದ್ದು ಗೊಂದಲ. ಒಂದು ಎಲ್‌ಇಡಿ ದೀಪದ ಪೆಟ್ಟಿಗೆಯ ಮೇಲೆ 1,000 ವ್ಯಾಟ್ ಎಂದಿದ್ದರೆ, ಅದಕ್ಕಿಂತ ಮೂರುಪಟ್ಟು ಬೆಲೆಯ ಇನ್ನೊಂದರ ಮೇಲೆ 300 ವ್ಯಾಟ್ ಎಂದಿತ್ತು. ಒಂದು ನೇರಳೆ ಬಣ್ಣದಲ್ಲಿ ಉರಿಯುತ್ತಿದ್ದರೆ ಇನ್ನೊಂದು ಮನೆಯ ಟ್ಯೂಬ್‌ಲೈಟಿನಂತೆ ಬೆಳ್ಳಗೆ ಉರಿಯುತ್ತಿತ್ತು. ಲ್ಯೂಮೆನ್, ಮೈಕ್ರೋಮೋಲ್, ನ್ಯಾನೋಮೀಟರ್ ಎಂಬ ಮಾತುಗಳು ಬೇರೆ. ನಾಲ್ಕು ಗಿಡಕ್ಕೆ ದೀಪ ಹಾಕುವುದು ಇಷ್ಟೊಂದು ತೊಡಕಿನ ಕೆಲಸವಾದದ್ದು ಏಕೆ?

ಈ ಪ್ರಶ್ನೆಯ ಹಿಂದೆ ಸುಮಾರು 140 ವರ್ಷಗಳ ಚರಿತ್ರೆಯಿದೆ. ಅದರಲ್ಲಿ ವಿಜ್ಞಾನವಿದೆ, ಪೊಲೀಸರಿದ್ದಾರೆ, ಬಾಹ್ಯಾಕಾಶ ಯಾನವಿದೆ, ಕೊನೆಗೆ ಕರೆಂಟ್ ಬಿಲ್ಲೂ ಇದೆ.

ಸೀಮೆನ್ಸ್ ಸಾಹೇಬರ ತೋಟ

ವಿದ್ಯುತ್ ಉದ್ಯಮದಲ್ಲಿ ಸೀಮೆನ್ಸ್ ಮನೆತನದ ಹೆಸರು ಎಲ್ಲರಿಗೂ ಗೊತ್ತು. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ವಿಲಿಯಂ ಸೀಮೆನ್ಸ್ ಆ ಮನೆತನದವರು. ಕೆಂಟ್ ಪ್ರಾಂತ್ಯದ ಟನ್‌ಬ್ರಿಜ್ ವೆಲ್ಸ್ ಬಳಿ ಅವರಿಗೊಂದು ಬಂಗಲೆ, ತೋಟ ಇದ್ದವು. ಉಗಿಯಂತ್ರದಿಂದ ಡೈನಮೋ ತಿರುಗಿಸಿ, ಎರಡು ಇಂಗಾಲದ ಕಡ್ಡಿಗಳ ನಡುವೆ ಕಣ್ಣು ಕೋರೈಸುವ ಬೆಳಕು ಹೊಮ್ಮಿಸುವ ಆರ್ಕ್ ದೀಪವನ್ನು ಅವರು ತಮ್ಮ ಗಿಡಗಳ ಮೇಲೆ ಬೆಳಗಿಸಿದರು. ಸಾಸಿವೆ, ಗಜ್ಜರಿ, ಹುರುಳಿಕಾಯಿ, ಸೌತೆ, ಕರಬೂಜಗಳನ್ನು ರಾತ್ರಿ ಈ ಬೆಳಕಿನಲ್ಲಿಟ್ಟು, ಹಗಲಿನ ಬೆಳಕಷ್ಟೇ ಉಂಡ ಗಿಡಗಳೊಂದಿಗೆ ಹೋಲಿಸಿ ನೋಡಿದರು. 1880ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತಮ್ಮ ಪ್ರಬಂಧವನ್ನು ಒಪ್ಪಿಸಿದರು.

ವಿದ್ಯುತ್ತಿನ ಬೆಳಕಿನಲ್ಲೂ ಎಲೆ ಹಸಿರಾಗುತ್ತದೆ, ಗಿಡ ಬೆಳೆಯುತ್ತದೆ ಎಂಬುದು ಅವರು ಕಂಡ ಮುಖ್ಯ ಸಂಗತಿ. ಎರಡನೆಯದು ಇನ್ನೂ ಕುತೂಹಲಕರ. ಬರಿಯ ಆರ್ಕ್ ದೀಪದ ಬೆಳಕು ಎಲೆಗಳನ್ನು ಸುಡುತ್ತಿತ್ತು. ನಡುವೆ ತೆಳುವಾದ ಒಂದು ಗಾಜು ಹಿಡಿದರೆ ಹಾನಿ ತಪ್ಪುತ್ತಿತ್ತು. ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಗಾಜು ತಡೆಯುತ್ತಿತ್ತು ಎಂಬುದು ಇಂದು ನಮಗೆ ತಿಳಿದಿರುವ ಕಾರಣ. ಅಂದರೆ ಗಿಡದ ಮಟ್ಟಿಗೆ ಎಲ್ಲ ಬೆಳಕೂ ಒಂದೇ ಅಲ್ಲ ಎಂಬ ಪಾಠ ಮೊದಲ ದೀಪದಲ್ಲೇ ದೊರೆತಿತ್ತು.

ಸೀಮೆನ್ಸ್ 1883ರಲ್ಲಿ ತೀರಿಕೊಂಡರು. ಅವರು ಬಿಟ್ಟ ಎಳೆಯನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತೋಟಗಾರಿಕಾ ಪ್ರಾಧ್ಯಾಪಕ ಲಿಬರ್ಟಿ ಹೈಡ್ ಬೈಲಿ 1890ರ ದಶಕದಲ್ಲಿ ಹಿಡಿದರು. ಅವರ ಗಾಜಿನ ಮನೆಯಲ್ಲಿ ರಾತ್ರಿ ಬೆಳಕು ಉಂಡ ಲೆಟಿಸ್ ಸೊಪ್ಪು ಬೇಗ ಕೊಯ್ಲಿಗೆ ಬಂತು. ಆದರೆ ಪಾಲಕ್ ಸೊಪ್ಪು ಎಲೆ ಬಿಡುವುದನ್ನು ಬಿಟ್ಟು ಹೂ ಕಾಂಡ ಎತ್ತಿ ಬೀಜಕ್ಕೆ ಹೋಯಿತು. ಒಂದೇ ದೀಪ ಒಂದು ಗಿಡಕ್ಕೆ ವರವಾದರೆ ಇನ್ನೊಂದಕ್ಕೆ ಶಾಪ. ಇದು ಏಕೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಊಟವೂ ಹೌದು, ಪಂಚಾಂಗವೂ ಹೌದು

ಉತ್ತರದ ಮೊದಲ ಸುಳಿವು ದೊರೆತದ್ದು ಗಾಂಜಾದ ಗಿಡದಲ್ಲಿಯೇ ಎಂಬುದು ಚರಿತ್ರೆಯ ಒಂದು ವಿಚಿತ್ರ. ಪ್ಯಾರಿಸ್ಸಿನ ತರುಣ ಸಸ್ಯವಿಜ್ಞಾನಿ ಜೂಲಿಯನ್ ತೂರ್ನ್ವಾ ನಾರಿಗಾಗಿ ಬೆಳೆಯುವ ಗಾಂಜಾ ಜಾತಿಯ ಗಿಡವನ್ನೂ ಅದರ ಹತ್ತಿರದ ಬಂಧುವಾದ ಹಾಪ್ ಬಳ್ಳಿಯನ್ನೂ ಅಭ್ಯಾಸ ಮಾಡುತ್ತಿದ್ದರು. ಹಗಲು ಗಿಡ್ಡವಾಗಿರುವಾಗ ಮೊಳೆತ ಸಸಿಗಳು ಗೇಣುದ್ದ ಬೆಳೆಯುವ ಮೊದಲೇ ಹೂ ಬಿಡುತ್ತಿದ್ದವು. ಮಣ್ಣು, ಶಾಖ, ತೇವಾಂಶ ಎಲ್ಲವನ್ನೂ ಪರೀಕ್ಷಿಸಿದ ಬಳಿಕ, ಹೂವಿಗೆ ಕಾರಣ ಹಗಲಿನ ಗಿಡ್ಡತನ, ಅದಕ್ಕಿಂತಲೂ ಮುಖ್ಯವಾಗಿ ರಾತ್ರಿಯ ಉದ್ದ ಎಂಬ ತೀರ್ಮಾನಕ್ಕೆ ಅವರು 1912 ಮತ್ತು 1914ರ ಬರಹಗಳಲ್ಲಿ ಬಂದರು. ಆ ವರ್ಷವೇ ಮಹಾಯುದ್ಧ ಆರಂಭವಾಯಿತು. ತೂರ್ನ್ವಾ ರಣರಂಗದಲ್ಲಿ ಮಡಿದರು. ಅವರ ಸಂಶೋಧನೆ ಅಲ್ಲಿಗೇ ನಿಂತಿತು.

ಅದೇ ಸತ್ಯವನ್ನು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಬೇರೊಂದು ದಾರಿಯಿಂದ ತಲಪಿದರು. ಮೇರಿಲ್ಯಾಂಡ್ ಮ್ಯಾಮತ್ ಎಂಬ ತಂಬಾಕಿನ ತಳಿ ಬೇಸಿಗೆಯ ಹೊಲದಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂ ಬಿಡುತ್ತಿರಲಿಲ್ಲ. ಚಳಿಗಾಲದ ಗಾಜಿನ ಮನೆಯಲ್ಲಿ ಗಿಡ್ಡ ಗಿಡವೂ ಹೂ ಬಿಡುತ್ತಿತ್ತು. 1918ರ ಬೇಸಿಗೆಯಲ್ಲಿ ಅವರು ಬೆಳಕು ನುಸುಳದ ಒಂದು ಗುಡಿಸಲು ಕಟ್ಟಿ, ಹಗಲಿನ ಒಂದು ಭಾಗ ಕುಂಡಗಳನ್ನು ಅದರೊಳಗಿಟ್ಟು ಕೃತಕ ರಾತ್ರಿ ಸೃಷ್ಟಿಸಿದರು. ತಂಬಾಕು ಹೂ ಬಿಟ್ಟಿತು! 1920ರಲ್ಲಿ ಪ್ರಕಟವಾದ ಅವರ ಪ್ರಬಂಧ ಸಸ್ಯವಿಜ್ಞಾನದ ಹೊಸ ಶಾಖೆಯೊಂದಕ್ಕೆ ತಳಹದಿಯಾಯಿತು.

ಬೆಳಕು ಗಿಡಕ್ಕೆ ಊಟ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದು ಪಂಚಾಂಗವೂ ಹೌದು ಎಂಬುದು ಈ ಸಂಶೋಧನೆಗಳ ಸಾರ. ರಾತ್ರಿಯ ಉದ್ದವನ್ನು ಅಳೆದು ಗಿಡ ಋತುವನ್ನು ತಿಳಿಯುತ್ತದೆ. ಗಾಂಜಾ, ಸೇವಂತಿಗೆ, ಮೇರಿಲ್ಯಾಂಡ್ ಮ್ಯಾಮತ್ ತಂಬಾಕು ಇವೆಲ್ಲ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡಗಳು. ಪಾಲಕ್ ರಾತ್ರಿ ಗಿಡ್ಡವಾದಾಗ ಹೂ ಬಿಡುವ ಗಿಡ. ಬೈಲಿಯವರ ಒಗಟು ಹೀಗೆ ಬಿಡಿಸಿಕೊಂಡಿತು.

1938ರಲ್ಲಿ ಷಿಕಾಗೋದ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಬಟ್ಟೆಗೆ ಅಂಟುವ ಮುಳ್ಳುಕಾಯಿ ಬಿಡುವ ಕಳೆಗಿಡವೊಂದನ್ನು ಉದ್ದನೆಯ ಕತ್ತಲೆಯಲ್ಲಿಟ್ಟು, ನಡುವೆ ಕೆಲವೇ ನಿಮಿಷ ದೀಪ ಹಚ್ಚಿ ಆರಿಸಿದರು. ಗಿಡ ಹೂ ಬಿಡಲಿಲ್ಲ. ಇದಕ್ಕೆ ಕಾರಣವಾದ ವರ್ಣದ್ರವ್ಯದ ಜಾಡನ್ನು ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿದ್ದ ಕೃಷಿ ಇಲಾಖೆಯ ಪ್ರಯೋಗಾಲಯದ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು 1952ರಲ್ಲಿ ಹಿಡಿದರು. 1959ರಲ್ಲಿ ಅದು ಉಪಕರಣದ ಕಣ್ಣಿಗೆ ಬಿತ್ತು. ಕೆಂಪು ಬೆಳಕಿಗೆ ಒಂದು ಕಡೆಗೂ, ಅದಕ್ಕಿಂತ ತುಸು ಉದ್ದನೆಯ ಅಲೆಯ ಗಾಢ ಕೆಂಪಿಗೆ ಇನ್ನೊಂದು ಕಡೆಗೂ ಹೊರಳುವ ಈ ದ್ರವ್ಯಕ್ಕೆ ಫೈಟೋಕ್ರೋಮ್ ಎಂದು ಹೆಸರಿಟ್ಟರು. ಮನೆಯ ಸ್ವಿಚ್ಚಿನಂಥದೇ ಒಂದು ಸ್ವಿಚ್ಚು ಎಲೆಯೊಳಗಿದೆ ಎಂದಂತಾಯಿತು.

ಹೆಣ್ಣು ಗಿಡದ ಬೆಲೆ

ಗಾಂಜಾ ಬೆಳೆಯುವವರಿಗೆ ಈ ಸ್ವಿಚ್ಚು ಏಕೆ ಮುಖ್ಯ ಎಂಬುದನ್ನು ತಿಳಿಯಲು ಭಾರತದ ಕಡೆ ತಿರುಗಬೇಕು. ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಅಮಲಿನ ಅಂಶ ಹೆಚ್ಚಾಗಿರುವುದು ಹೆಣ್ಣು ಹೂಗೊಂಚಲಿನ ಅಂಟಿನಲ್ಲಿ. ಹೂವಿಗೆ ಪರಾಗ ತಗುಲಿ ಬೀಜ ಕಟ್ಟಿದರೆ ಅದರ ಗುಣ ಇಳಿಯುತ್ತದೆ. ಬ್ರಿಟಿಷ್ ಸರ್ಕಾರ ನೇಮಿಸಿದ ಗಾಂಜಾ ಆಯೋಗ 1893-94ರಲ್ಲಿ ಇಡೀ ದೇಶ ಸುತ್ತಿ ಸಾಕ್ಷ್ಯ ಸಂಗ್ರಹಿಸಿತು. ಆಗ ಸರ್ಕಾರದ ಪರವಾನಗಿಯಲ್ಲಿ ಗಾಂಜಾ ಬೆಳೆಯುತ್ತಿದ್ದ ದೊಡ್ಡ ಕೇಂದ್ರ ಈಗಿನ ಬಾಂಗ್ಲಾದೇಶದಲ್ಲಿರುವ ನಾವಗಾಂವ್. ಅಲ್ಲಿನ ರೈತರು ಗಂಡು ಗಿಡಗಳನ್ನು ಗುರುತಿಸಿ ಕಿತ್ತುಹಾಕುವುದಕ್ಕೆಂದೇ ಅನುಭವಿಗಳನ್ನು ಕರೆಸುತ್ತಿದ್ದರು. ಆ ಕಣ್ಣಳತೆಯ ವಿದ್ಯೆಗೆ ದೀಪದ ಹಂಗಿರಲಿಲ್ಲ. ಮಳೆ ನಿಂತು ಹಗಲು ಕುಗ್ಗತೊಡಗಿದಾಗ ಪ್ರಕೃತಿಯೇ ಹೂ ಅರಳಿಸುತ್ತಿತ್ತು.

ಇದೇ ಗಿಡವನ್ನು ಕೋಣೆಯೊಳಗೆ ಬೆಳೆಸುವವರು ಋತುವನ್ನು ತಾವೇ ತಯಾರಿಸಬೇಕು. ದಿನಕ್ಕೆ 18 ಗಂಟೆ ದೀಪ ಉರಿಸಿದರೆ ಗಿಡ ಬೇಸಿಗೆ ಎಂದು ತಿಳಿದು ಎಲೆ, ಕಾಂಡ ಬೆಳೆಸುತ್ತದೆ. 12 ಗಂಟೆಗೆ ಇಳಿಸಿದರೆ ಶರತ್ಕಾಲ ಬಂತೆಂದು ತಿಳಿದು ಹೂ ಬಿಡುತ್ತದೆ. ಆ 12 ಗಂಟೆಯ ಕತ್ತಲೆಯ ನಡುವೆ ಬಾಗಿಲ ಸಂದಿಯಿಂದ ಬೆಳಕು ನುಸುಳುತ್ತಿದ್ದರೆ ಗಿಡ ಕಕ್ಕಾಬಿಕ್ಕಿಯಾಗುತ್ತದೆ. ಹೂ ಬಿಡುವುದು ತಡವಾಗಬಹುದು, ಹೆಣ್ಣು ಗಿಡದಲ್ಲಿ ಗಂಡು ಹೂವೂ ಕಾಣಿಸಿಕೊಳ್ಳಬಹುದು.

ಹೊಲದಿಂದ ನೆಲಮಾಳಿಗೆಗೆ

ಬಿಸಿಲಿನಲ್ಲಿ ಕಳೆಯಂತೆ ಹಬ್ಬುವ ಈ ಗಿಡ ಕೋಣೆಯೊಳಗೆ ಹೋದದ್ದೇಕೆ? ಕಾರಣ ಬೇಸಾಯದ್ದಲ್ಲ, ಕಾನೂನಿನದು. 1970ರ ದಶಕದಲ್ಲಿ ಅಮೆರಿಕದ ಬೆಂಬಲದೊಂದಿಗೆ ಮೆಕ್ಸಿಕೋದ ಗಾಂಜಾ ಹೊಲಗಳ ಮೇಲೆ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಸಿಂಪಡಿಸಲಾಯಿತು. ಆಮದು ಮಾಲಿನ ಬಗ್ಗೆ ಹೆದರಿಕೆ ಹುಟ್ಟಿ, ಕ್ಯಾಲಿಫೋರ್ನಿಯಾದ ಗುಡ್ಡಗಾಡಿನಲ್ಲಿ ಬೆಳೆ ಹೆಚ್ಚಿತು. 1983ರಿಂದ ಅಲ್ಲಿಗೂ ಹೆಲಿಕಾಪ್ಟರುಗಳು ಬಂದವು. ಆಕಾಶದಿಂದ ಕಾಣದ ಜಾಗವೆಂದರೆ ಸೂರಿನ ಕೆಳಗಿನದು. ಗಿಡ ಮನೆಯೊಳಗೆ ನಡೆಯಿತು.

ಅಷ್ಟರಲ್ಲಿ ದೀಪವೂ ಸಿದ್ಧವಾಗಿತ್ತು. 1960ರ ದಶಕದ ನಡುವೆ ಬೀದಿದೀಪಕ್ಕೆಂದು ಹೊರಬಂದ ಅಧಿಕ ಒತ್ತಡದ ಸೋಡಿಯಂ ದೀಪವನ್ನು ಹಾಲೆಂಡಿನ ಗುಲಾಬಿ ಮತ್ತು ತರಕಾರಿ ಬೆಳೆಗಾರರು ಗಾಜಿನ ಮನೆಗಳಿಗೆ ಒಯ್ದಿದ್ದರು. ನಮ್ಮ ಹೆದ್ದಾರಿಗಳಲ್ಲಿಯೂ ಬಹುಕಾಲ ಉರಿದ ಹಳದಿ ದೀಪ ಅದೇ. 1976ರ ಕಾನೂನು ಬದಲಾವಣೆಯ ನಂತರ ಅಲ್ಪ ಪ್ರಮಾಣದ ಗಾಂಜಾ ಮಾರಾಟವನ್ನು ಕಂಡೂ ಕಾಣದಂತೆ ಬಿಟ್ಟಿದ್ದ ಹಾಲೆಂಡಿನಲ್ಲಿ ಆ ದೀಪ ಹೂವಿನ ಬೆಳೆಯಿಂದ ಗಾಂಜಾಕ್ಕೆ ದಾಟುವುದು ತಡವಾಗಲಿಲ್ಲ. ಅಮೆರಿಕದಲ್ಲಿ ತೋಟಗಾರಿಕೆ ಸಲಕರಣೆಯ ಅಂಗಡಿಗಳು ಅದನ್ನು ಮಾರಿದವು. 1989ರ ಅಕ್ಟೋಬರಿನಲ್ಲಿ ಮಾದಕವಸ್ತು ನಿಗ್ರಹ ಸಂಸ್ಥೆ ಇಂಥ ಅಂಗಡಿಗಳ ಮೇಲೆ ಹಲವು ರಾಜ್ಯಗಳಲ್ಲಿ ಏಕಕಾಲಕ್ಕೆ ದಾಳಿ ನಡೆಸಿತು. ಟೊಮೇಟೊಗೆ ದೀಪ ಕೊಂಡವನೂ ಗಾಂಜಾಕ್ಕೆ ಕೊಂಡವನೂ ಒಂದೇ ಗಿರಾಕಿ ಪಟ್ಟಿಯಲ್ಲಿದ್ದ ಕಾಲ ಅದು.

ಸೋಡಿಯಂ ದೀಪಕ್ಕೆ ಒಂದು ದೋಷವಿತ್ತು. ಅದು ಬೆಳಕಿನೊಂದಿಗೆ ಧಾರಾಳವಾಗಿ ಶಾಖವನ್ನೂ ಉಗುಳುತ್ತಿತ್ತು. 1992ರ ಜನವರಿಯ ಒಂದು ರಾತ್ರಿ ಆರೆಗಾನ್ ರಾಜ್ಯದ ಫ್ಲಾರೆನ್ಸ್ ಊರಿನಲ್ಲಿ ಅಧಿಕಾರಿಗಳು ಕಾರಿನಲ್ಲಿ ಕುಳಿತೇ ಒಂದು ಮನೆಯ ಕಡೆಗೆ ಶಾಖ ಪತ್ತೆ ಮಾಡುವ ಕ್ಯಾಮರಾ ಹಿಡಿದರು. ಗ್ಯಾರೇಜಿನ ಮಾಡು ನೆರೆಮನೆಗಳಿಗಿಂತ ಬಿಸಿಯಾಗಿತ್ತು. ವಾರಂಟ್ ಪಡೆದು ಒಳಹೊಕ್ಕಾಗ ನೂರಕ್ಕೂ ಹೆಚ್ಚು ಗಿಡಗಳು ಸಿಕ್ಕವು. ಕಾಯ್ಲೋ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸಾಮಾನ್ಯ ಜನರ ಬಳಕೆಯಲ್ಲಿಲ್ಲದ ಯಂತ್ರದಿಂದ ಮನೆಯೊಳಗಿನ ಸಂಗತಿಯನ್ನು ಅರಿಯುವುದು ಶೋಧನೆಯೇ ಸರಿ, ಅದಕ್ಕೆ ಮೊದಲೇ ವಾರಂಟ್ ಬೇಕು ಎಂದು 2001ರ ಜೂನ್ 11ರಂದು ಐದು-ನಾಲ್ಕರ ಬಹುಮತದಲ್ಲಿ ತೀರ್ಪು ಬಂತು. ಗಾಂಜಾದ ದೀಪ ಉಗುಳಿದ ಬಿಸಿ, ಮನೆಯ ಗೋಡೆಯೊಳಗಿನ ಖಾಸಗಿತನಕ್ಕೆ ಗಡಿ ಹಾಕಿಕೊಟ್ಟ ವಿಚಿತ್ರ ಸಂದರ್ಭ ಇದು.

ಮನುಷ್ಯನ ಕಣ್ಣು, ಎಲೆಯ ಕಣ್ಣು

ಕಳ್ಳತನದಲ್ಲಿ ಬೆಳೆಯುವವರಿಗೆ ಬೇಕಾದದ್ದು ತಣ್ಣನೆಯ ದೀಪ. ಅಂಥ ದೀಪ ಬರುವ ಮೊದಲು ಬೆಳಕನ್ನು ಅಳೆಯುವ ಬಗೆಯೇ ಬದಲಾಗಬೇಕಿತ್ತು.

ಬಲ್ಬಿನ ಪೆಟ್ಟಿಗೆಯ ಮೇಲೆ ಕಾಣುವ ಲ್ಯೂಮೆನ್ ಎಂಬ ಅಳತೆ ಮನುಷ್ಯನ ಕಣ್ಣಿಗಾಗಿ ಮಾಡಿದ್ದು. ಹಗಲಿನಲ್ಲಿ ನಮ್ಮ ಕಣ್ಣಿಗೆ ಅತಿ ಪ್ರಖರವಾಗಿ ತೋರುವುದು ಹಸಿರು ಮಿಶ್ರಿತ ಹಳದಿ. ಅದರ ಅಲೆಯುದ್ದ ಸುಮಾರು 555 ನ್ಯಾನೋಮೀಟರ್. ಕೆಂಪು, ನೀಲಿಗಳು ಎಷ್ಟೇ ಇದ್ದರೂ ಲ್ಯೂಮೆನ್ ಲೆಕ್ಕದಲ್ಲಿ ಅವುಗಳ ತೂಕ ಕಡಿಮೆ. ಎಲೆಯ ಲೆಕ್ಕ ಹೀಗಿಲ್ಲ. ಟೆಕ್ಸಾಸಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀತ್ ಮೆಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳಿಗೆ ಒಂದೊಂದೇ ಬಣ್ಣದ ಬೆಳಕು ಬಿಟ್ಟು, ಅವು ಎಷ್ಟು ಇಂಗಾಲಾಮ್ಲ ಹೀರುತ್ತವೆ ಎಂದು ಅಳೆದರು. 1972ರಲ್ಲಿ ಹೊರಬಂದ ಅವರ ರೇಖೆ ಇಂದಿಗೂ ಈ ಕ್ಷೇತ್ರದ ಕೈದೀವಿಗೆ. 400ರಿಂದ 700 ನ್ಯಾನೋಮೀಟರ್ ನಡುವಿನ ಎಲ್ಲ ಬಣ್ಣವನ್ನೂ ಎಲೆ ಬಳಸಿಕೊಳ್ಳುತ್ತದೆ. ಕೆಂಪು ಎಲ್ಲಕ್ಕಿಂತ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಎಲೆ ಹಸಿರಾಗಿ ಕಾಣುವುದರಿಂದ ಹಸಿರು ಬೆಳಕು ಅದಕ್ಕೆ ಬೇಡ ಎಂಬ ನಂಬಿಕೆಯನ್ನೂ ಈ ರೇಖೆ ಸುಳ್ಳು ಮಾಡಿತು. ಹಸಿರಿನಲ್ಲಿ ಒಂದಷ್ಟು ಭಾಗ ಹಿಂದಿರುಗುತ್ತದೆ, ನಿಜ. ಹೆಚ್ಚು ಭಾಗ ಕೆಲಸ ಮಾಡುತ್ತದೆ.

ಅಲ್ಲಿಂದ ಮುಂದೆ ಗಿಡದ ಬೆಳಕನ್ನು ಕಣಗಳ ಎಣಿಕೆಯಿಂದ ಅಳೆಯುವುದು ರೂಢಿಗೆ ಬಂತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಸೆಕೆಂಡಿಗೆ ಎಷ್ಟು ಬೆಳಕಿನ ಕಣಗಳು ಬೀಳುತ್ತವೆ ಎಂಬುದೇ ಮೈಕ್ರೋಮೋಲ್ ಲೆಕ್ಕ. ನಡುಹಗಲ ಬಿಸಿಲಿನಲ್ಲಿ ಇದು ಸುಮಾರು 2,000. ಚೆನ್ನಾಗಿ ಬೆಳಗಿದ ಕಚೇರಿಯ ಮೇಜಿನ ಮೇಲೆ ಹತ್ತನ್ನೂ ಮುಟ್ಟುವುದಿಲ್ಲ. ನಮಗೆ ಓದಲು ಧಾರಾಳವೆನಿಸುವ ಬೆಳಕು ಬಿಸಿಲಿನ ಗಿಡಕ್ಕೆ ಉಪವಾಸ.

ನೇರಳೆಯಿಂದ ಬಿಳಿಗೆ

ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹಾಲೊನ್ಯಾಕ್ 1962ರಲ್ಲಿ ತೋರಿಸಿಕೊಟ್ಟರು. ಮೊದಲು ಅದು ರೇಡಿಯೋ, ಕ್ಯಾಲ್ಕ್ಯುಲೇಟರುಗಳ ಮಿಣುಕು ದೀಪವಾಗಿತ್ತು. 1980ರ ದಶಕದ ಕೊನೆಗೆ, ಬಾಹ್ಯಾಕಾಶ ನೌಕೆಯಲ್ಲಿ ಸೊಪ್ಪು ತರಕಾರಿ ಬೆಳೆಯುವ ಯೋಚನೆಯಲ್ಲಿದ್ದ ನಾಸಾದ ನೆರವಿನಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ಕೆಳಗೆ ಗಿಡ ಬೆಳೆಸಿ ನೋಡಿದರು. ಹಗುರ, ಒಡೆಯದ, ದೀರ್ಘ ಬಾಳಿಕೆಯ, ಎಲೆಗಳನ್ನು ಸುಡದ ದೀಪ ಆಕಾಶಯಾನಕ್ಕೆ ಹೇಳಿಮಾಡಿಸಿದಂತಿತ್ತು. 1991ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಬರಿಯ ಕೆಂಪಿನಲ್ಲಿ ಗಿಡ ಸೊರಗಿ ಉದ್ದವಾಗುತ್ತಿದ್ದುದರಿಂದ ನೀಲಿಗಾಗಿ ಟ್ಯೂಬ್‌ಲೈಟಿನ ಬೆಂಬಲ ಬೇಕಾಯಿತು.

ಪ್ರಖರವಾದ ನೀಲಿ ಎಲ್‌ಇಡಿ ಬಂದದ್ದು 1993ರಲ್ಲಿ, ಜಪಾನಿನ ಷುಜಿ ನಕಾಮುರ ಅವರ ಕೈಯಿಂದ. ಈ ದಾರಿಯನ್ನು ಮೊದಲೇ ತೆರೆದಿದ್ದ ಅಕಸಾಕಿ ಮತ್ತು ಅಮಾನೊ ಅವರೊಂದಿಗೆ ನಕಾಮುರ 2014ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡರು. ನೀಲಿಯ ಮೇಲೆ ಹಳದಿ ಹೊಳಪಿನ ಪುಡಿ ಬಳಿದಾಗ ಬಿಳಿ ಬೆಳಕೂ ದೊರೆಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಎಲ್‌ಇಡಿ ಬೆಳಕಿನಲ್ಲಿ ಬೆಳೆದ ಲೆಟಿಸ್ ಸೊಪ್ಪನ್ನು 2015ರ ಆಗಸ್ಟಿನಲ್ಲಿ ಯಾನಿಗಳು ತಿಂದರು.

ಗಾಂಜಾ ಬೆಳೆಗಾರರ ಮಾರುಕಟ್ಟೆಗೆ 2000ದ ದಶಕದಲ್ಲಿ ಬಂದ ಮೊದಲ ಎಲ್‌ಇಡಿಗಳು ಕೆಂಪು-ನೀಲಿ ಬೆರೆತ ನೇರಳೆ ದೀಪಗಳು. ಎಲೆಗೆ ಕೆಂಪು ನೀಲಿ ಸಾಕೆಂಬ ಅರ್ಧಸತ್ಯದ ಮೇಲೆ ಅವು ಮಾರಾಟವಾದವು. ಶಕ್ತಿ ಸಾಲದೆ ಬೆಳೆ ಸೊರಗಿತು. ಎಲ್‌ಇಡಿ ಕೆಲಸಕ್ಕೆ ಬಾರದು ಎಂಬ ಅಪವಾದ ಹುಟ್ಟಿತು. ಬಿಳಿ ಎಲ್‌ಇಡಿಯ ಗುಣ ಸುಧಾರಿಸಿ ಅದಕ್ಕೆ 660 ನ್ಯಾನೋಮೀಟರಿನ ಕೆಂಪನ್ನು ಸೇರಿಸಿದ ಮೇಲೆ ಅಪವಾದ ಕಳೆಯಿತು. ಬಿಳಿ ಬೆಳಕಿನಿಂದ ಇನ್ನೊಂದು ಪ್ರಯೋಜನವೂ ಇತ್ತು. ಎಲೆಯ ರೋಗ, ಹುಳು, ಬಣ್ಣಗೆಟ್ಟ ಕಲೆ ಇವು ನೇರಳೆಯಲ್ಲಿ ಕಾಣುವುದಿಲ್ಲ, ಬಿಳಿಯಲ್ಲಿ ಕಾಣುತ್ತವೆ.

ಪೆಟ್ಟಿಗೆಯ ಮೇಲಿನ ಮಾತು

ಈ ಚರಿತ್ರೆಯನ್ನು ಕೈಯಲ್ಲಿ ಹಿಡಿದು ಮತ್ತೆ ಕೆನಡಾದ ಅಂಗಡಿಗೆ ಹೋದರೆ ಗೊಂದಲ ಬಹುಪಾಲು ತಿಳಿಯಾಗುತ್ತದೆ. ಅಗ್ಗದ ದೀಪದ ಮೇಲಿನ 1,000 ವ್ಯಾಟ್ ಎಂಬುದು ಎಷ್ಟೋ ವೇಳೆ ಅದು ಎಳೆಯುವ ವಿದ್ಯುತ್ತಲ್ಲ, ಹಳೆಯ ದೀಪಕ್ಕೆ ಸಮ ಎಂಬ ಜಾಹೀರಾತು. ಗೋಡೆಯ ಪ್ಲಗ್ಗಿನಿಂದ ಅದು ಎಳೆಯುವುದು ನೂರಿನ್ನೂರು ವ್ಯಾಟ್ ಇರಬಹುದು. ನೋಡಬೇಕಾದ ಅಂಕಿ ಎರಡು: ದೀಪ ನಿಜವಾಗಿ ಎಳೆಯುವ ವ್ಯಾಟ್ ಎಷ್ಟು, ಒಂದು ಜೂಲ್ ವಿದ್ಯುತ್ತಿಗೆ ಎಷ್ಟು ಮೈಕ್ರೋಮೋಲ್ ಬೆಳಕು ಕೊಡುತ್ತದೆ. ಒಳ್ಳೆಯ ಸೋಡಿಯಂ ದೀಪದಲ್ಲಿ ಎರಡನೆಯ ಅಂಕಿ ಸುಮಾರು 1.7. ಒಳ್ಳೆಯ ಎಲ್‌ಇಡಿಯಲ್ಲಿ 2.5ಕ್ಕಿಂತ ಹೆಚ್ಚು.

ಲೆಕ್ಕ ಸರಳ. ಉದ್ದ ಅಗಲ 1.2 ಮೀಟರ್ ಇರುವ ಗುಡಾರದ ವಿಸ್ತಾರ 1.44 ಚದರ ಮೀಟರ್. ಹೂ ಬಿಡುವ ಕಾಲದಲ್ಲಿ ಚದರ ಮೀಟರಿಗೆ 500 ಮೈಕ್ರೋಮೋಲ್ ಬೀಳಬೇಕೆಂದರೆ ಒಟ್ಟು 720 ಬೇಕು. 2.5ರ ಎಲ್‌ಇಡಿಗೆ ಇದಕ್ಕೆ 288 ವ್ಯಾಟ್ ಸಾಕು, 1.7ರ ಸೋಡಿಯಂ ದೀಪಕ್ಕೆ 424 ವ್ಯಾಟ್ ಬೇಕು. ಗೋಡೆಗೆ ಬಡಿದು ವ್ಯರ್ಥವಾಗುವುದನ್ನು ಇದಕ್ಕೆ ಕೂಡಿಸಿಕೊಳ್ಳಬೇಕು. ಬೆಳಕು ಒಂದೇ ಚುಕ್ಕೆಯಿಂದ ಬಾರದೆ ಇಡೀ ಜಾಗದ ಮೇಲೆ ಸಮವಾಗಿ ಹರಡುವಂತಿದ್ದರೆ ನಡುವಿನ ಗಿಡ ಬಾಡಿ ಅಂಚಿನದು ಸೊರಗುವುದು ತಪ್ಪುತ್ತದೆ.

ಮಾರಾಟಗಾರರ ಉಳಿದ ಮಾತುಗಳನ್ನು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2021ರಲ್ಲಿ ಒರೆಗೆ ಹಚ್ಚಿದರು. ಬೆಳಕು ಹೆಚ್ಚಿದಂತೆ ಹೂವಿನ ಇಳುವರಿ 1,800 ಮೈಕ್ರೋಮೋಲ್‌ವರೆಗೂ ಹೆಚ್ಚುತ್ತಲೇ ಹೋಯಿತು. ಆದರೆ ಅಮಲಿನ ಅಂಶದ ಪ್ರಮಾಣ ಹೆಚ್ಚಲಿಲ್ಲ. ನೇರಳಾತೀತ ಕಿರಣ ಸೇರಿಸಿದರೆ ಸತ್ವ ಏರುತ್ತದೆ ಎಂಬ ಮಾತನ್ನೂ ಅವರ ಪ್ರಯೋಗ ಸಮರ್ಥಿಸಲಿಲ್ಲ. ಸೀಮೆನ್ಸ್ ಗಾಜು ಹಿಡಿದು ತಡೆದ ಕಿರಣವನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಅಗತ್ಯವಿಲ್ಲ ಎಂದಂತಾಯಿತು.

ಬಿಸಿಲಿನ ಬೆಲೆ

ಲೆಕ್ಕದ ಇನ್ನೊಂದು ಬದಿಯಲ್ಲಿ ವಿದ್ಯುತ್ ಇದೆ. ಅಮೆರಿಕದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಶೇ. 1ರಷ್ಟು ಒಳಾಂಗಣ ಗಾಂಜಾ ಬೆಳೆಗೆ ಹೋಗುತ್ತಿದೆ ಎಂದು ಎವಾನ್ ಮಿಲ್ಸ್ ಎಂಬ ಇಂಧನ ತಜ್ಞರು 2012ರಲ್ಲಿ ಅಂದಾಜು ಮಾಡಿದ್ದರು. ಒಂದು ಕಿಲೋ ಒಣ ಹೂವಿಗೆ, ಊರಿನ ಹವೆಯನ್ನು ಅನುಸರಿಸಿ, ಸುಮಾರು 2.3ರಿಂದ 5.2 ಟನ್ ಇಂಗಾಲಾಮ್ಲಕ್ಕೆ ಸಮನಾದ ಅನಿಲ ವಾತಾವರಣ ಸೇರುತ್ತದೆ ಎಂದು ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ 2021ರ ಅಧ್ಯಯನ ಹೇಳಿತು. ಇದರಲ್ಲಿ ದೀಪದ ಪಾಲಷ್ಟೇ ಅಲ್ಲ, ಕೋಣೆಯ ಶಾಖ, ತೇವ ನಿಯಂತ್ರಿಸುವ ಯಂತ್ರಗಳ ಪಾಲೂ ದೊಡ್ಡದು. ಕಾನೂನುಬದ್ಧ ಬೆಳೆಗೆ ದಾರಿ ತೆರೆದ ಮ್ಯಾಸಚೂಸೆಟ್ಸ್ ರಾಜ್ಯ ದೊಡ್ಡ ಬೆಳೆಗಾರರಿಗೆ ಚದರ ಅಡಿಗೆ 36 ವ್ಯಾಟ್ ಮೀರಬಾರದೆಂಬ ಮಿತಿಯನ್ನು ಹಾಕಬೇಕಾಯಿತು.

ಹೆಲಿಕಾಪ್ಟರಿನ ಕಣ್ಣು ತಪ್ಪಿಸಲು ಒಳಗೆ ಹೋದ ಗಿಡ, ಹೆಲಿಕಾಪ್ಟರುಗಳು ಹಿಂದಿರುಗಿದ ಮೇಲೂ ಹೊರಗೆ ಬರಲಿಲ್ಲ. ಒಳಗಿನ ಬೆಳೆ ವರ್ಷವಿಡೀ ಬರುತ್ತದೆ, ಒಂದೇ ಹದದಲ್ಲಿ ಬರುತ್ತದೆ, ಹೆಚ್ಚು ಬೆಲೆಗೆ ಹೋಗುತ್ತದೆ. ನಿಷೇಧ ಕಲಿಸಿದ ಬೇಸಾಯ ನಿಷೇಧ ಹೋದ ಮೇಲೂ ಪದ್ಧತಿಯಾಗಿ ಉಳಿಯಿತು. ಎಲ್‌ಇಡಿ ಬಿಲ್ಲನ್ನು ತಗ್ಗಿಸಿದೆ, ಇಲ್ಲವಾಗಿಸಿಲ್ಲ. ಬಿಟ್ಟಿ ಬರುವ ಬಿಸಿಲನ್ನು ಕಲ್ಲಿದ್ದಲು, ಅನಿಲ ಉರಿಸಿ ಮತ್ತೆ ತಯಾರಿಸುವ ಈ ವ್ಯವಹಾರಕ್ಕೆ ಕಾರಣ ಗಿಡದ ಗುಣವಲ್ಲ, ಮನುಷ್ಯರ ಕಾನೂನಿನ ಚರಿತ್ರೆ.

ಕಾನೂನು ಎಲ್ಲೆಡೆ ಒಂದೇ ಅಲ್ಲ. ಕೆನಡಾದಲ್ಲಿಯೇ ಕ್ವಿಬೆಕ್ ಪ್ರಾಂತ್ಯ ಮನೆಯ ಬೆಳೆಯನ್ನು ನಿಷೇಧಿಸಿದ್ದು, ಅದನ್ನು ಆ ದೇಶದ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಜರ್ಮನಿ 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ಮೂರು ಗಿಡಗಳ ಅನುಮತಿ ನೀಡಿತು. ಭಾರತದಲ್ಲಿ 1985ರ ಮಾದಕವಸ್ತು ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆಯುವುದು ಅಪರಾಧ. ಹೊಲವಾದರೂ ಅಷ್ಟೆ, ಮನೆಯ ಕೋಣೆಯಾದರೂ ಅಷ್ಟೆ. ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಕೋಣೆಯಲ್ಲಿ ದೀಪ ಹಾಕಿ ಗಾಂಜಾ ಬೆಳೆದ ಪ್ರಕರಣಗಳನ್ನು ಕರ್ನಾಟಕದ ಪೊಲೀಸರೂ ಇತ್ತೀಚಿನ ವರ್ಷಗಳಲ್ಲಿ ದಾಖಲಿಸಿದ್ದಾರೆ.

ಆದರೆ ತೂರ್ನ್ವಾ, ಗಾರ್ನರ್, ಅಲ್ಲಾರ್ಡರ ವಿದ್ಯೆಗೆ ನಮ್ಮಲ್ಲಿ ಬೇರೊಂದು ಬಾಳ್ವೆಯೂ ಇದೆ. ಬೆಂಗಳೂರಿನ ಆಸುಪಾಸಿನ ಬಯಲುಸೀಮೆಯಲ್ಲಿ ಕತ್ತಲಾದ ಮೇಲೆ ಹಾದುಹೋಗುವವರಿಗೆ ಒಮ್ಮೊಮ್ಮೆ ಜಾತ್ರೆಯ ಸಾಲುದೀಪದಂತೆ ಬೆಳಗುವ ಹೊಲಗಳು ಕಾಣುತ್ತವೆ. ಅವು ಸೇವಂತಿಗೆ ಹೊಲಗಳು. ಉದ್ದ ರಾತ್ರಿಯ ಕಾಲದಲ್ಲಿ ಎಳೆಯ ಗಿಡ ಅವಸರಪಟ್ಟು ಹೂ ಬಿಟ್ಟರೆ ಕಾಂಡ ಗಿಡ್ಡ, ಹೂ ಸಣ್ಣ. ಅದಕ್ಕಾಗಿ ರೈತರು ರಾತ್ರಿ ಕೆಲವು ಗಂಟೆ ಬಲ್ಬು ಉರಿಸಿ ಗಿಡಕ್ಕೆ ಇನ್ನೂ ಕಾಲವಾಗಿಲ್ಲವೆಂದು ಹೇಳುತ್ತಾರೆ. ಗಿಡ ಬಲಿತ ಮೇಲೆ ದೀಪ ಆರಿಸುತ್ತಾರೆ. ಹೂ ಹಬ್ಬದ ಸಂತೆಗೆ ಸರಿಯಾಗಿ ಬರುತ್ತದೆ.

ಅಲ್ಲಿ ಉರಿಯುವುದು ಮನೆಯಲ್ಲಿ ಉರಿಯುವಂಥ ಕೆಲವು ವ್ಯಾಟಿನ ಎಲ್‌ಇಡಿ. ಊಟ ಬಡಿಸುವ ಕೆಲಸವನ್ನು ಸೂರ್ಯನಿಗೇ ಬಿಟ್ಟು, ದೀಪದಿಂದ ಪಂಚಾಂಗದ ಕೆಲಸವನ್ನಷ್ಟೇ ಮಾಡಿಸುವುದರಿಂದ ಅಷ್ಟು ಸಾಕಾಗುತ್ತದೆ.